ಹೆಸ್ರು ತೆಗೆದ್ರೆ ಅರ್ಜಿಗಳೂ ಹೋಗ್ತಾವಾ?

ಹಳೇ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದವರಿಗೆಲ್ಲ ಒಂದು ಸಣ್ಣ ಕಿರಿಕಿರಿ ಗೊತ್ತಿರುತ್ತೆ. ಎಲ್ಲ ಸರಿಯಾಗಿ ಇನ್‌ಸ್ಟಾಲ್ ಆಗಿದೆ, ವೈಫೈ ಸಿಕ್ಕಿದೆ, ಪ್ರಿಂಟರ್ ಕೂಡ ಹೇಳಿದ ಮಾತು ಕೇಳ್ತಿದೆ. ಆದರೆ ಮಷೀನ್ ಆನ್ ಮಾಡಿ ಬೂಟ್ ಮೆನು ತೆರೆದರೆ ಹಳೇ ಹೆಸರುಗಳೆಲ್ಲ ಸಾಲಾಗಿ ನಿಂತಿರುತ್ತವೆ. ಯಾವತ್ತೋ ಅಳಿಸಿದ್ದು, ಹಿಂದಿನ ಮಾಲೀಕ ಹಾಕಿಕೊಂಡಿದ್ದು, ಯಾರು ಯಾಕೆ ಹಾಕಿದರೋ ಗೊತ್ತಿಲ್ಲದ್ದು. ಮನೆ ಖಾಲಿ ಮಾಡಿಕೊಂಡು ಹೋದ ಬಾಡಿಗೆಯವರ ಹೆಸರು ಗೇಟಿನ ಬೋರ್ಡಿನಲ್ಲಿ ಉಳಿದ ಹಾಗೆ.

ಈಚೆಗೆ ಈ ಕಿರಿಕಿರಿ ಜಾಸ್ತಿಯಾಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಿಗ್ತಿದ್ದ ಮಾಮೂಲಿ ಬೆಂಬಲ ಮುಗೀತು. ವಿಂಡೋಸ್ 11 ಹಾಕೋಣ ಅಂದ್ರೆ ಅದಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಹೆಚ್ಚೂಕಮ್ಮಿ ಎಂಟನೇ ಪೀಳಿಗೆಯ ಪ್ರೊಸೆಸರ್ ಬೇಕು. ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಮಷೀನುಗಳು ಇದ್ದಕ್ಕಿದ್ದ ಹಾಗೆ ‘ಹಳೇವು’ ಆಗಿಹೋದವು. ಮನೆಯಲ್ಲಿ ಐಟಿ ಕೆಲಸದವರು ಒಬ್ಬರಿದ್ದರೆ ಸಾಕು, ಮುಂದಿನ ಫೋನ್ ಅವರಿಗೇ. ನಮ್ಮ ಮನೆಯಲ್ಲಿ ಆ ಒಬ್ಬರು ನಾನು.

ಫೋನ್ ಮಾಡಿದ್ದು ಕ್ಯಾಸಂಬಳ್ಳಿಯ ನಮ್ಮ ಮಾಮ. ಅವರದೊಂದು ಜೆರಾಕ್ಸ್ ಅಂಗಡಿ. ಹೆಸರಿಗೆ ಜೆರಾಕ್ಸ್, ನಿಜವಾದ ವ್ಯಾಪಾರ ಅರ್ಜಿ ಟೈಪ್ ಮಾಡಿಕೊಡೋದು. ಪಹಣಿ, ಪಿಂಚಣಿ, ಜಾತಿ-ಆದಾಯ, ಹೆಸರು ತಿದ್ದುಪಡಿ. ಮೊದಲು ಬಹಳ ವರ್ಷ ಕೆಜಿಎಫ್‌ನ ಆಂಡರ್ಸನ್‌ಪೇಟೆಯಲ್ಲಿ ಕೂತಿದ್ದರು, ಆಮೇಲೆ ಊರಿಗೇ ಬಂದರು. ಹಳೇ ಗಿರಾಕಿಗಳು ಈಗಲೂ ಬಸ್ ಹತ್ತಿ ಹುಡುಕಿಕೊಂಡು ಬರ್ತಾರೆ. ಅವರ ಮಷೀನ್ ಎಸ್.ಪಿ. ರೋಡಿನ ಸೆಕೆಂಡ್ ಹ್ಯಾಂಡ್ ಮಾಲು, ಬೆಂಗಳೂರಿನ ಯಾವುದೋ ಆಫೀಸಿನಿಂದ ಬಂದದ್ದು. ಅದಕ್ಕೊಂದು ಹೊಸ ಎಸ್‌ಎಸ್‌ಡಿ ಕೂರಿಸಿ ಲಿನಕ್ಸ್ ಮಿಂಟ್ ಹಾಕಿಕೊಟ್ಟಿದ್ದೆ. ವಿಂಡೋಸ್ 10 ಇದ್ದ ಹಳೇ ಹಾರ್ಡ್ ಡಿಸ್ಕನ್ನು ಹಾಗೇ ಒಳಗೆ ಬಿಟ್ಟಿದ್ದೆ.

ಮಾಮನ ಬೇಡಿಕೆ ಸರಳವಾಗಿತ್ತು. ಮಷೀನ್ ಮಾರಿದ ಅಂಗಡಿಯವನು ಎಫ್12 ಒತ್ತೋದು ಹೇಳಿಕೊಟ್ಟಿದ್ದ. ಅದು ಕೈಗೆ ಅಭ್ಯಾಸ ಆಗಿಬಿಟ್ಟಿದೆ. ಒತ್ತಿದರೆ ಮೂರು ಹೆಸರು ಬರುತ್ತೆ: ಫೆಡೋರಾ, ವಿಂಡೋಸ್ ಬೂಟ್ ಮ್ಯಾನೇಜರ್, ಉಬುಂಟು. ಕರೆಂಟ್ ಹೋಗಿ ಬಂದಾಗಲೆಲ್ಲ ಅಂಗಡಿಯ ಹುಡುಗಿ ಯಾವುದನ್ನೋ ಒತ್ತುತ್ತಾಳೆ, ಕ್ಯೂ ನಿಂತವರು ಗೊಣಗ್ತಾರೆ.

“ಮೂರನ್ನೂ ತೆಗೆದಾಕಮ್ಮ. ಮಿಂಟ್ ಒಂದಿದ್ರೆ ಸಾಕು” ಅಂದರು.

ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಮಿಂಟ್ ಅನ್ನೋ ಹೆಸರೇ ಅದರಲ್ಲಿಲ್ಲ.

ಯಾಕೆ ಅಂತ ಹೇಳೋಕೆ ಮೊದಲು, ಈ ಹೆಸರುಗಳು ಎಲ್ಲಿ ಕೂತಿರುತ್ತವೆ ಅನ್ನೋದನ್ನ ಸ್ವಲ್ಪ ಹೇಳಬೇಕು. ಹಳೇ ಬಯೋಸ್ ಕಾಲದಲ್ಲಿ ಡಿಸ್ಕಿನ ಮೊಟ್ಟಮೊದಲ 512 ಬೈಟ್‌ನ ತುಂಡಿನಲ್ಲೇ ಬೂಟ್ ವ್ಯವಹಾರ ಶುರುವಾಗ್ತಿತ್ತು. ಡಿಸ್ಕ್ ಬದಲಾಯಿಸಿದರೆ ಕಥೆಯೂ ಬದಲಾಗ್ತಿತ್ತು. ಈಗಿನ ಯುಇಎಫ್ಐ ಮಷೀನುಗಳಲ್ಲಿ ಹಾಗಲ್ಲ, ಮೂರು ಜಾಗ ಇದೆ. ಒಂದು, ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಪಟ್ಟಿ. ಕರೆಂಟ್ ಹೋದರೂ ಅದು ಮರೆಯೋದಿಲ್ಲ. ಎರಡು, ಡಿಸ್ಕಿನಲ್ಲಿರುವ ಇಎಫ್ಐ ಅನ್ನೋ ಪುಟ್ಟ ಪಾರ್ಟಿಷನ್. ಒಂದೊಂದು ಸಿಸ್ಟಂ ಅಲ್ಲಿ ತನ್ನ ಹೆಸರಿನ ಫೋಲ್ಡರ್ ಮಾಡಿಕೊಂಡು, ಮಷೀನನ್ನು ಎಬ್ಬಿಸುವ ಫೈಲನ್ನು ಇಟ್ಟಿರುತ್ತೆ. ಮೂರು, ಆ ಫೈಲು ಎದ್ದ ಮೇಲೆ ಅದೇ ತೋರಿಸುವ ಇನ್ನೊಂದು ಮೆನು. ಲಿನಕ್ಸ್‌ನಲ್ಲಾದರೆ ಗ್ರಬ್, ವಿಂಡೋಸ್‌ನಲ್ಲಾದರೆ ಅದರದೇ ನೀಲಿ ಪರದೆ.

ಮೊದಲನೇ ಜಾಗದಲ್ಲಿರೋದು ಬರೀ ವಿಳಾಸ. ‘ಇಂಥ ಡಿಸ್ಕು, ಇಂಥ ಪಾರ್ಟಿಷನ್ನು, ಇಂಥ ಫೋಲ್ಡರಿನ ಇಂಥ ಫೈಲು’ ಅಷ್ಟೇ. ಡಿಸ್ಕನ್ನು ಪೂರ್ತಿ ಫಾರ್ಮ್ಯಾಟ್ ಮಾಡಿ, ಬಿಚ್ಚಿ ಬಿಸಾಕಿ, ಚಿಪ್ಪಿನಲ್ಲಿ ಬರೆದ ವಿಳಾಸ ಸಾಮಾನ್ಯವಾಗಿ ಅಲ್ಲೇ ಇರುತ್ತೆ. ಅದೇ ರೀತಿ ವಿಳಾಸ ಅಳಿಸಿದರೆ ಡಿಸ್ಕಿನಲ್ಲಿರುವ ಒಂದು ಬೈಟೂ ಅಲುಗೋದಿಲ್ಲ. ವಸ್ತುವನ್ನು ತೆಗೆಯೋದು ಬೇರೆ, ಹೆಸರನ್ನು ತೆಗೆಯೋದು ಬೇರೆ. ಎರಡನ್ನೂ ಒಂದೇ ಅಂದುಕೊಂಡಾಗಲೇ ಅನಾಹುತ ಆಗೋದು.

ಲಿನಕ್ಸ್‌ನಲ್ಲಿ ಇದನ್ನು ನೋಡೋಕೆ ಇಎಫ್ಐ ಬೂಟ್ ಮ್ಯಾನೇಜರ್ ಅನ್ನೋ ಪುಟ್ಟ ಕಮಾಂಡ್ ಇದೆ. ಅದಕ್ಕೆ ‘ವಿ’ ಸೇರಿಸಿ ಓಡಿಸಿದರೆ ಪ್ರತಿ ಹೆಸರಿನ ಮುಂದೆ ಒಂದು ಸಂಖ್ಯೆ, ಪಕ್ಕದಲ್ಲಿ ಅದರ ಪೂರ್ತಿ ವಿಳಾಸ ಬರುತ್ತೆ. ಮಾಮನ ಮಷೀನಿನಲ್ಲಿ ಫೆಡೋರಾಕ್ಕೆ 0001, ವಿಂಡೋಸ್‌ಗೆ 0002, ಉಬುಂಟುವಿಗೆ 0003. ವಿಳಾಸದಲ್ಲಿ ಪಾರ್ಟಿಷನ್ನಿನ ಉದ್ದನೆಯ ಗುರುತಿನ ಸಂಖ್ಯೆ ಇರುತ್ತೆ. ಒಳಗಿದ್ದ ಎರಡು ಡಿಸ್ಕುಗಳ ಗುರುತಿನ ಸಂಖ್ಯೆ ತೆಗೆದು ಒಂದೊಂದನ್ನೇ ಹೋಲಿಸಿದೆ.

ಫೆಡೋರಾದ ಸಂಖ್ಯೆ ಯಾವ ಡಿಸ್ಕಿಗೂ ತಾಳೆಯಾಗಲಿಲ್ಲ. ಅದು ಹಿಂದಿನ ಆಫೀಸಿನವರು ಹಾಕಿಕೊಂಡದ್ದು. ಅವರು ಡಿಸ್ಕ್ ಬಿಚ್ಚಿಟ್ಟುಕೊಂಡು ಮಷೀನ್ ಮಾರಿದ್ದರು, ಹೆಸರು ಮಾತ್ರ ಮದರ್‌ಬೋರ್ಡಿನ ಜೊತೆ ಕ್ಯಾಸಂಬಳ್ಳಿಗೆ ಬಂದಿತ್ತು. ಇದನ್ನು ತೆಗೆಯೋಕೆ ಯಾವ ಯೋಚನೆಯೂ ಬೇಡ.

ಉಬುಂಟು? ಮಾಮ ಯಾವತ್ತೂ ಉಬುಂಟು ಹಾಕಿಸಿದವರೇ ಅಲ್ಲ. ಹಾಗಾಗಿ ಯಾರು ನೋಡಿದರೂ ಇದೂ ಹಳೇ ಕಸ ಅಂತಲೇ ಅಂದುಕೊಳ್ತಾರೆ. ಆದರೆ ಮಿಂಟ್ ಕಟ್ಟಿರೋದೇ ಉಬುಂಟುವಿನ ಮೇಲೆ. ಚಿಪ್ಪಿನ ಪಟ್ಟಿಯಲ್ಲಿ ಅದು ಬರೆದುಕೊಂಡ ಹೆಸರು ‘ಉಬುಂಟು’. ಅಂದರೆ ಎಲ್ಲಕ್ಕಿಂತ ಮೊದಲು ಅಳಿಸಬೇಕು ಅನ್ನಿಸುವ ಆ ಹೆಸರೇ ಈಗ ಅಂಗಡಿ ನಡೆಸ್ತಿರೋ ಹೆಸರು. ಅದನ್ನು ಕಿತ್ತರೆ ಮಾರನೇ ದಿನ ಮಷೀನ್ ಮಿಂಟಿಗೆ ಹೋಗೋ ದಾರಿ ಮರೆತು ಕೂರಬಹುದು.

ಇದನ್ನು ಮಾಮನಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. “ನೀನು ವಾರಾ ವಾರಾ ಟಿಕೆಟ್ ತಗೊಳ್ತೀಯಲ್ಲ, ಅದರ ಮೇಲೆ ಏನಂತ ಇರ್ತೈತೆ?” ಅಂದರು.

ನಿಜ. ನಾನು ವೈಟ್‌ಫೀಲ್ಡಿನಿಂದ ಬಂಗಾರಪೇಟೆಗೆ ಬರುವ ರೈಲಿನವಳು. ರೈಲ್ವೆಯ ಲೆಕ್ಕದಲ್ಲಿ ಬಂಗಾರಪೇಟೆಯ ಕೋಡ್ ಬಿಡಬ್ಲ್ಯುಟಿ. ಬಂಗಾರಪೇಟೆಯಲ್ಲಿ ಡಬ್ಲ್ಯು ಎಲ್ಲಿದೆ? ಅದು ಬೌರಿಂಗ್‌ಪೇಟೆಯ ಡಬ್ಲ್ಯು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರಿನ ಊರು ಅದು. ಬೋರ್ಡ್ ಬದಲಾಯಿತು, ಜನರ ಬಾಯಲ್ಲೂ ಬದಲಾಯಿತು, ಮೂರು ಅಕ್ಷರ ಮಾತ್ರ ಉಳಿದುಕೊಂಡಿತು. ಹೆಸರು ಹಳೇದು ಅಂತ ಅದನ್ನು ಕಿತ್ತು ಹಾಕಿ ನೋಡಿ, ಬಂಗಾರಪೇಟೆಗೆ ಟಿಕೆಟ್ಟೇ ಹುಟ್ಟೋದಿಲ್ಲ.

ಅಲ್ಲಿಂದ ಮಾರಿಕುಪ್ಪಂ ಕಡೆ ಹೋಗುವ ಲೈನಿನಲ್ಲಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ಅಂತ ಸ್ಟೇಷನ್ನುಗಳಿವೆ. ಎಲ್ಲ ಗಣಿ ಕಾಲದ ಹೆಸರುಗಳು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಗಣಿ ಇಲ್ಲ, ಆದರೆ ಆ ಹೆಸರಿನಲ್ಲಿ ಇವತ್ತೂ ರೈಲು ನಿಲ್ಲುತ್ತೆ, ಸಾವಿರಾರು ಜನ ಹತ್ತಿ ಬೆಂಗಳೂರಿನ ಕೆಲಸಕ್ಕೆ ಹೋಗ್ತಾರೆ. ನಮ್ಮೂರಿನದೂ ಒಂದು ಅಕ್ಷರ ಹೀಗೆ ಉಳಿದಿದೆ. ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ ಅಂತ ಪರೀಕ್ಷೆಗೆ ಓದಿದ್ದೀರಲ್ಲ, ಆ ‘ಕೆ’ ಕ್ಯಾಸಂಬಳ್ಳಿ. ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿ. ಊರಿಗೆ ಬಂದವರಿಗೆ ಮಾಮ ಇದನ್ನು ಹೇಳದೆ ಕಳಿಸಿದ್ದು ನಾನು ನೋಡಿಲ್ಲ.

ಅವರ ಕೆಲಸವೇ ಇಂಥದ್ದು. ಕ್ಯಾಸಂಬಳ್ಳಿ ಮೊದಲು ಬಂಗಾರಪೇಟೆ ತಾಲ್ಲೂಕಿನಲ್ಲಿತ್ತು, ಈಗ ಕೆಜಿಎಫ್ ತಾಲ್ಲೂಕು. ಹೊಸ ಅರ್ಜಿಗೆ ಹೊಸ ತಾಲ್ಲೂಕಿನ ಹೆಸರು ಬರೀಬೇಕು. ಆದರೆ ತಾತನ ಕಾಲದ ಕ್ರಯಪತ್ರದಲ್ಲಿರೋದು ಬಂಗಾರಪೇಟೆ ತಾಲ್ಲೂಕು, ಅದನ್ನು ಉಲ್ಲೇಖ ಮಾಡುವಾಗ ಹಾಗೇ ಬರೀಬೇಕು. ಹಳೇದನ್ನು ‘ಸರಿ’ ಮಾಡೋಕೆ ಹೋದರೆ ಎರಡು ಕಾಗದ ಒಂದಕ್ಕೊಂದು ಕೂಡೋದೇ ಇಲ್ಲ. ಮಾಮ ಎರಡು ನಮೂನೆಯನ್ನೂ ಇಟ್ಟುಕೊಂಡಿದ್ದಾರೆ.

ಹಾಗಾಗಿ ಫೆಡೋರಾ ತೆಗೆಯೋಣ, ಉಬುಂಟು ಇರಲಿ ಅನ್ನೋದು ಎರಡು ನಿಮಿಷದಲ್ಲಿ ತೀರ್ಮಾನ ಆಯ್ತು. ಉಳಿದದ್ದು ವಿಂಡೋಸ್. ಅದರ ಹೆಸರೂ ಸರಿ ಇದೆ, ವಿಳಾಸವೂ ಸರಿ ಇದೆ, ಆ ವಿಳಾಸದಲ್ಲಿ ವಸ್ತುವೂ ಇದೆ. ಬೇಡ ಅನ್ನೋದೊಂದೇ ಸಮಸ್ಯೆ. ಆಗ ಮಾಮ ಕೇಳಿದ್ದು:

“ಆ ಹೆಸ್ರು ತೆಗೆದ್ರೆ ಅರ್ಜಿಗಳೂ ಹೋಗ್ತಾವಾ?”

ನಾನು ಕೆಲಸ ಮಾಡುವ ಜಾಗದಲ್ಲಿ ಒಂದು ಹಳೇ ಸರ್ವರ್ ತೆಗೆಯೋಕೆ ನಾಲ್ಕು ಮೀಟಿಂಗ್ ಆಗುತ್ತೆ. ಆ ನಾಲ್ಕರಲ್ಲಿ ಯಾರಾದರೊಬ್ಬರು ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದರೆ ಮೂರು ಮೀಟಿಂಗ್ ಉಳೀತಿತ್ತು.

ಉತ್ತರ ಕೊಡೋ ಮೊದಲೇ ಉತ್ತರವೇ ನಡೆದುಕೊಂಡು ಬಂತು ಅನ್ನಿ. ಒಬ್ಬ ವಯಸ್ಸಾದವರು, ಗಣಿಯಲ್ಲಿ ಕೆಲಸ ಮಾಡಿದವರು, ಕೆಜಿಎಫ್‌ನಿಂದ ಬಸ್ಸಿನಲ್ಲಿ ಬಂದಿದ್ದರು. ಗಣಿ ಲೈನಿನ ಮನೆ ವಿಚಾರಕ್ಕೆ 2016ರಲ್ಲಿ ಮಾಮನ ಕೈಯಲ್ಲಿ ಒಂದು ಅರ್ಜಿ ಬರೆಸಿದ್ದರಂತೆ. ಈಗ ಒಂದು ಕಚೇರಿಯಲ್ಲಿ ‘ಮುಂಚೆ ಕೊಟ್ಟಿದ್ದರ ನಕಲು ತನ್ನಿ’ ಅಂದಿದ್ದಾರೆ. ಅವರ ಹತ್ತಿರ ಇದ್ದ ಪ್ರತಿ ಮಳೆಗಾಲದಲ್ಲಿ ಸೂರು ಸೋರಿ ಹಾಳಾಗಿತ್ತು. ಅವರ ಮಾತು ತಮಿಳು. ಮಾಮನೂ ತಮಿಳಿನಲ್ಲೇ ಮಾತಾಡಿ ಕೂರಿಸಿದರು. ನಮ್ಮ ಕಡೆ ಇದು ಮಾಮೂಲು: ಮನೆಯಲ್ಲಿ ತಮಿಳೋ ತೆಲುಗೋ, ಅರ್ಜಿ ಮಾತ್ರ ಕನ್ನಡದಲ್ಲಿ. ಆ ಮನುಷ್ಯ ತನ್ನ ಬಗ್ಗೆ ಸರ್ಕಾರಕ್ಕೆ ಹೇಳಿಕೊಂಡ ಎರಡು ಪುಟ, ಅವರಿಗೇ ಓದೋಕೆ ಬಾರದ ಲಿಪಿಯಲ್ಲಿ, ಮಾಮನ ಡಿಸ್ಕಿನಲ್ಲಿತ್ತು.

ಮಿಂಟಿನಿಂದಲೇ ಹಳೇ ಡಿಸ್ಕ್ ತೆರೆದು ಫೈಲ್ ಹುಡುಕಿದೆ, ಸಿಕ್ಕಿತು. ತೆರೆದರೆ ಕನ್ನಡ ಇಲ್ಲ. ತಲೆ ಮೇಲೆ ಚುಕ್ಕಿ, ಟೋಪಿ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳ ಸಾಲು. ಯಾಕೆಂದರೆ ಅದು ನುಡಿಯಲ್ಲಿ ಟೈಪ್ ಮಾಡಿದ್ದು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವೇ ಸರ್ಕಾರಿ ಕಚೇರಿಗಳಲ್ಲಿ ನಡೆದದ್ದು, ಅರ್ಜಿ ಬರೆಯುವವರೂ ಅದನ್ನೇ ಕಲಿತದ್ದು. ಅದರ ಹಳೇ ಫಾಂಟುಗಳು ಯೂನಿಕೋಡ್ ಅಲ್ಲ. ಫೈಲಿನ ಒಳಗೆ ಇರೋದು ಇಂಗ್ಲಿಷ್ ಅಕ್ಷರದ ಸಂಕೇತ, ಮೇಲೆ ಹೊದಿಸಿದ ಫಾಂಟು ಅದನ್ನು ಕನ್ನಡವಾಗಿ ತೋರಿಸುತ್ತೆ. ಆ ಫಾಂಟು ಇಲ್ಲದ ಕಡೆ ಅಕ್ಷರ ಎಲ್ಲ ಕಲಸಿಹೋಗುತ್ತೆ.

ಮಾಮ ಏನೂ ಹೇಳದೆ ಮಷೀನ್ ರೀಸ್ಟಾರ್ಟ್ ಮಾಡಿ ಎಫ್12 ಒತ್ತಿ ಎರಡನೇ ಹೆಸರು ಆರಿಸಿದರು. ವಿಂಡೋಸ್ ಬಂತು, ನುಡಿ ಬಂತು, ಅರ್ಜಿ ಬಂತು. ಎರಡು ಪ್ರತಿ ಪ್ರಿಂಟ್ ತೆಗೆದು ಕೊಟ್ಟರು. ಹಳೇ ಡಿಸ್ಕಿನ ಆ ಫೋಲ್ಡರಿನಲ್ಲಿ 2012ರಿಂದ ಈಚೆಗಿನ ಅರ್ಜಿಗಳೆಲ್ಲ ಇವೆ.

ಅಂದರೆ ಮಾಮನ ಪ್ರಶ್ನೆಗೆ ಉತ್ತರ: ಹೆಸರು ತೆಗೆದರೆ ಅರ್ಜಿ ಹೋಗೋದಿಲ್ಲ, ಆದರೆ ಅರ್ಜಿಯನ್ನು ಓದೋಕೆ ಇರುವ ಸುಲಭದ ಬಾಗಿಲು ಮುಚ್ಚುತ್ತೆ. ಬಾಗಿಲು ಮುಚ್ಚಿದ ಮನೆಯಲ್ಲಿ ಏನಿದೆ ಅಂತ ಸ್ವಲ್ಪ ದಿನಕ್ಕೆ ಎಲ್ಲರೂ ಮರೀತಾರೆ. ಆಮೇಲೆ ಒಂದು ದಿನ ಜಾಗ ಸಾಲದು ಅಂತ ಯಾರೋ ಆ ಡಿಸ್ಕನ್ನು ಫಾರ್ಮ್ಯಾಟ್ ಮಾಡ್ತಾರೆ. ಹೋಗೋದು ಹಾಗೆ, ಒಂದೇ ಏಟಿಗಲ್ಲ. ಗಣಿ ಮುಚ್ಚಿದ ಮೇಲೆ ಲೈನುಗಳಲ್ಲಿ ಉಳಿದುಕೊಂಡವರನ್ನು ಕೇಳಿದರೆ ಇದನ್ನು ನನಗಿಂತ ಚೆನ್ನಾಗಿ ಹೇಳ್ತಾರೆ. ಕಂಪನಿ ಪಟ್ಟಿಯಿಂದ ಹೋಯಿತು. ಜನ, ಮನೆ, ನೀರು, ದೀಪ ಎಲ್ಲ ಇದ್ದ ಜಾಗದಲ್ಲೇ ಇದ್ದವು, ಅದಕ್ಕೆಲ್ಲ ಯಾವ ಬಾಗಿಲು ತಟ್ಟಬೇಕು ಅನ್ನೋದೇ ಗೊತ್ತಾಗದೆ ಹೋಯಿತು.

ನಾವು ಮಾಡಿದ್ದು ಇಷ್ಟು. ನಿಮ್ಮ ಮನೆಯ ಹಳೇ ಮಷೀನಿಗೂ ಇದೇ ಕ್ರಮ ಸಾಕು.

ಮೊದಲು ವಿಂಡೋಸನ್ನು ಪೂರ್ತಿ ಶಟ್ ಡೌನ್ ಮಾಡಿದೆವು. ಅದರಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಆಫ್ ಆದ ಹಾಗೆ ಕಾಣುತ್ತೆ, ನಿಜಕ್ಕೆ ಅರ್ಧ ನಿದ್ದೆಯಲ್ಲಿರುತ್ತೆ. ಆ ಸ್ಥಿತಿಯಲ್ಲಿ ಲಿನಕ್ಸ್ ಆ ಡಿಸ್ಕನ್ನು ಓದಬಹುದು, ಬರೆಯೋಕೆ ಒಪ್ಪೋದಿಲ್ಲ. ಅದನ್ನು ಆಫ್ ಮಾಡಿ, ಅರ್ಜಿ ಫೋಲ್ಡರನ್ನು ಎಸ್‌ಎಸ್‌ಡಿಗೂ ಒಂದು ಪೆನ್ ಡ್ರೈವ್‌ಗೂ ಕಾಪಿ ಮಾಡಿದೆವು.

ಆಮೇಲೆ ಫೆಡೋರಾ. ಅದೇ ಕಮಾಂಡಿಗೆ ಸಣ್ಣ ‘ಬಿ’ ಬರೆದು ಸಂಖ್ಯೆ 0001, ನಂತರ ದೊಡ್ಡ ‘ಬಿ’. ಸಣ್ಣದು ಆರಿಸೋಕೆ, ದೊಡ್ಡದು ಅಳಿಸೋಕೆ. ನಾಲ್ಕು ಅಂಕಿಯನ್ನು ಎರಡು ಸಲ ಓದಿ, ಆಮೇಲೆ ಎಂಟರ್ ಒತ್ತಿ. ವಿಂಡೋಸ್‌ನಿಂದಲೇ ಮಾಡುವವರಿಗೆ ಬಿಸಿಡಿಎಡಿಟ್ ಅನ್ನೋ ಕಮಾಂಡ್ ಇದೆ. ಎರಡು ವಿಂಡೋಸ್ ಹೆಸರುಗಳಲ್ಲಿ ಒಂದನ್ನು ತೆಗೆಯೋದಾದರೆ ಅಷ್ಟೂ ಬೇಡ, ಎಂಎಸ್ ಕಾನ್ಫಿಗ್ ತೆರೆದು ಬೂಟ್ ಅನ್ನೋ ಕಡೆ ಹೋದರೆ ಡಿಲೀಟ್ ಬಟನ್ನೇ ಇದೆ.

ಅಳಿಸಿದ ಹೆಸರು ಮಾರನೇ ದಿನ ಮತ್ತೆ ಬಂದರೆ ಭೂತಚೇಷ್ಟೆ ಅಂದುಕೊಳ್ಳಬೇಡಿ. ಕೆಲವು ಮದರ್‌ಬೋರ್ಡುಗಳು ಪ್ರತಿ ಸಲ ಇಎಫ್ಐ ಪಾರ್ಟಿಷನ್ ನೋಡಿ, ಅಲ್ಲಿ ಪರಿಚಿತ ಫೈಲು ಸಿಕ್ಕರೆ ತಾವೇ ಹೆಸರು ಬರೆದುಕೊಳ್ತವೆ. ಆಗ ಆ ಪಾರ್ಟಿಷನ್ನಿನಲ್ಲಿರುವ ಹಳೇ ಫೋಲ್ಡರನ್ನೂ ತೆಗೀಬೇಕು, ಬೇರೆ ಕಡೆ ಒಂದು ಕಾಪಿ ಇಟ್ಟುಕೊಂಡು. ಗ್ರಬ್ ಮೆನುವಿನಲ್ಲಿ ಮಾತ್ರ ಹಳೇ ಹೆಸರು ಉಳಿದಿದ್ದರೆ ಗ್ರಬ್ ಅಪ್‌ಡೇಟ್ ಕಮಾಂಡ್ ಒಂದು ಸಲ ಓಡಿಸಿದರೆ ಸಾಕು. ಅದು ಡಿಸ್ಕುಗಳನ್ನು ನೋಡಿ ಪಟ್ಟಿ ಹೊಸದಾಗಿ ಬರೆಯುತ್ತೆ.

ಇನ್ನೆರಡು ಎಚ್ಚರಿಕೆ. ಆಫೀಸ್ ಲ್ಯಾಪ್‌ಟಾಪಿನಲ್ಲಿ ಬಿಟ್‌ಲಾಕರ್ ಇದ್ದರೆ, ಬೂಟ್ ಪಟ್ಟಿ ಮುಟ್ಟಿದ ಮೇಲೆ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಕೀ ಕೈಯಲ್ಲಿಲ್ಲದೆ ಶುರು ಮಾಡಬೇಡಿ. ಎಲ್ಲ ಹೆಸರನ್ನೂ ಒಟ್ಟಿಗೆ ಗುಡಿಸಿಬಿಡೋಣ ಅನ್ನೋ ಆಸೆಯೂ ಬೇಡ. 2016ರ ಆರಂಭದಲ್ಲಿ ಲಿನಕ್ಸ್ ಜಗತ್ತಿನಲ್ಲಿ ಇದು ದೊಡ್ಡ ಸುದ್ದಿಯಾಗಿತ್ತು. ಎಲ್ಲ ಫೈಲನ್ನೂ ಅಳಿಸುವ ಒಂದು ಕಮಾಂಡ್ ಮದರ್‌ಬೋರ್ಡಿನ ಚಿಪ್ಪಿನಲ್ಲಿದ್ದ ಮಾಹಿತಿಯನ್ನೂ ಅಳಿಸಿ, ಕೆಲವು ಲ್ಯಾಪ್‌ಟಾಪುಗಳು ಆನ್ ಆಗೋದನ್ನೇ ಮರೆತವು. ಆಮೇಲೆ ಲಿನಕ್ಸ್ ಕರ್ನಲ್ಲಿನಲ್ಲೇ ಅದಕ್ಕೆ ಬೀಗ ಹಾಕಿದರು.

ವಿಂಡೋಸ್ ಹೆಸರನ್ನು ತೆಗೆಯಲಿಲ್ಲ. ಉಬುಂಟುವನ್ನು ಮೊದಲು, ವಿಂಡೋಸನ್ನು ಎರಡನೇದಾಗಿ ಇಟ್ಟೆವು. ಎಫ್12 ಒತ್ತದಿದ್ದರೆ ಮಷೀನ್ ತಾನೇ ಮಿಂಟಿಗೆ ಹೋಗುತ್ತೆ. ಗ್ರಬ್ ಕಾಯುವ ಹೊತ್ತು 10 ಸೆಕೆಂಡಿನಿಂದ 3ಕ್ಕೆ ಇಳಿಸಿದೆ. ಮಾನಿಟರಿನ ಅಂಚಿಗೆ ಮಾಮ ಒಂದು ಚೀಟಿ ಅಂಟಿಸಿದ್ದಾರೆ: ‘ಉಬುಂಟು ಅಂದ್ರೆ ಮಿಂಟು’. ಅಂಗಡಿಯ ಹುಡುಗಿ ಈಗ ತಪ್ಪು ಒತ್ತೋದಿಲ್ಲ.

ವಿಂಡೋಸ್‌ಗೆ ಇಂಟರ್ನೆಟ್ ಕೊಡೋದನ್ನು ನಿಲ್ಲಿಸಿದ್ದೀವಿ. ಬೆಂಬಲ ಮುಗಿದ ಸಿಸ್ಟಂ ಅದು, ಹೊರಗೆ ತಿರುಗಾಡೋದು ಬೇಡ, ಹಳೇ ಅರ್ಜಿ ತೆರೆಯೋಕೆ ಮಾತ್ರ. ನುಡಿ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಭಾನುವಾರ ಅಂಗಡಿ ಅರ್ಧ ಮುಚ್ಚಿಕೊಂಡು ಮಾಮ ಒಂದೊಂದೇ ವರ್ಷದ ಫೋಲ್ಡರ್ ಬದಲಿಸ್ತಿದ್ದಾರೆ. ಪರಿವರ್ತಕ ಒತ್ತಕ್ಷರಗಳಲ್ಲಿ ಆಗಾಗ ಎಡವುತ್ತೆ, ಹಾಗಾಗಿ ಕೂತು ಓದಿ ತಿದ್ದಬೇಕು. ಓದುವಾಗ ನಡುನಡುವೆ ಫೋನ್ ಮಾಡ್ತಾರೆ. “ಇವರದು ಪಿಂಚಣಿ ಬಂತಂತೆ”, “ಇವರು ಹೋಗಿಬಿಟ್ಟರಮ್ಮ, ಮಗ ಬರ್ತಾನೆ”, “ಇದು ಬೇಡ ಬಿಡು, ಲಾಟರಿ ಗೆದ್ದಿದ್ದೀನಿ ಅಂತ ಯಾರೋ ಮೋಸ ಮಾಡಿದ್ದಕ್ಕೆ ಬರೆದ ದೂರು.”

ಈಗ 2015ರ ಫೋಲ್ಡರಿನಲ್ಲಿದ್ದಾರೆ. ಪೂರ್ತಿ ಮುಗಿಯೋಕೆ ಇನ್ನೂ ಎಷ್ಟು ಭಾನುವಾರ ಬೇಕೋ. ಮುಗಿದ ದಿನ ಹೇಳಿ, ಆ ವಿಂಡೋಸ್ ಹೆಸರನ್ನೂ ತೆಗೆದುಕೊಡ್ತೀನಿ ಅಂದೆ.

“ನೀನ್ಯಾಕಮ್ಮ ಅದಕ್ಕೆ ಅಷ್ಟು ದೂರದಿಂದ ಬರ್ತೀಯ” ಅಂದರು ಮಾಮ. “0002, ಅಲ್ವಾ? ಸಣ್ಣ ಬಿ, ಆಮೇಲೆ ದೊಡ್ಡ ಬಿ. ಬರ್ಕೊಂಡಿದೀನಿ.”